ಪ್ರೆಸ್ ನೋಟ್ ಹೋಯಿತು, ಟಿವಿ–ರೇಡಿಯೊದಲ್ಲಿ ಬರಲಿಲ್ಲ: ತಪ್ಪು ಎಲ್ಲಿದೆ ಎಂದು ಹುಡುಕುವುದು ಹೇಗೆ?

ಪಿಆರ್ (ಸಾರ್ವಜನಿಕ ಸಂಪರ್ಕ) ಕೆಲಸ ಮಾಡುವವರ ಬಾಯಲ್ಲಿ ಪದೇ ಪದೇ ಕೇಳುವ ದೂರು ಒಂದಿದೆ. ಪ್ರೆಸ್ ನೋಟ್ ಕಳಿಸಿದೆವು, ಪತ್ರಿಕೆಗಳಲ್ಲಿ ಅಷ್ಟೋ ಇಷ್ಟೋ ಬಂತು, ಟಿವಿಯಲ್ಲಿ ಒಂದು ಸಾಲೂ ಇಲ್ಲ, ರೇಡಿಯೊದವರಂತೂ ತಿರುಗಿಯೂ ನೋಡಲಿಲ್ಲ. ಯಾಕೆ ಎಂದರೆ ಎರಡೇ ಉತ್ತರ. ಒಂದು, ‘ನಮಗೆ ಒಳಗೆ ಯಾರೂ ಪರಿಚಯ ಇಲ್ಲ.’ ಇನ್ನೊಂದು, ‘ದುಡ್ಡು ಕೊಡದೆ ಅಲ್ಲಿ ಏನೂ ಬರಲ್ಲ.’ ಎರಡೂ ಕೆಲವು ಸಲ ನಿಜವೇ. ಆದರೆ ಜಾಸ್ತಿ ಸಲ ತಪ್ಪು ಇರುವುದು ಬೇರೆ ಕಡೆ. ನಾವು ಕಳಿಸಿದ್ದು ಓದುವವರಿಗಾಗಿ ಮಾಡಿದ್ದು. ಅಲ್ಲಿ ಕೂತವರಿಗೆ ಬೇಕಾಗಿದ್ದು ತೋರಿಸುವಂಥದ್ದು, ಕೇಳಿಸುವಂಥದ್ದು.

ಹಾಗಂತ ಎಲ್ಲ ಸಲವೂ ಅದೇ ಕಾರಣ ಎಂದು ಮೊದಲೇ ತೀರ್ಮಾನಿಸಬೇಡಿ. ಹುಡುಕಿ ನೋಡಿ. ಹುಡುಕುವ ದಾರಿ ಕೆಳಗಿದೆ.

ಮೊದಲು, ನಿಜಕ್ಕೂ ಬರಲಿಲ್ಲವಾ?

ಇದನ್ನು ಕೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಆದರೂ ಕೇಳಲೇಬೇಕು. ಸಂಜೆಯ ದೊಡ್ಡ ಬುಲೆಟಿನ್ ಮಾತ್ರ ನೋಡಿ ‘ಬರಲಿಲ್ಲ’ ಎನ್ನುವವರು ತುಂಬಾ ಜನ. ಸುದ್ದಿ ಬೆಳಗಿನ ಬುಲೆಟಿನ್‌ನಲ್ಲಿ ಇಪ್ಪತ್ತು ಸೆಕೆಂಡ್ ಬಂದಿರಬಹುದು, ಕೆಳಗಿನ ಸ್ಕ್ರೋಲ್‌ನಲ್ಲಿ ಹೋಗಿರಬಹುದು, ವಾಹಿನಿಯ ಯೂಟ್ಯೂಬ್‌ನಲ್ಲಿ ಮಾತ್ರ ಇರಬಹುದು. ರೇಡಿಯೊದಲ್ಲಿ ಗಂಟೆಗೊಮ್ಮೆ ಬರುವ ಚಿಕ್ಕ ವಾರ್ತೆಯಲ್ಲಿ ಒಂದು ಸಲ ಓದಿದ್ದರೆ ಯಾರ ಕಿವಿಗೂ ಬೀಳದೆ ಹೋಗಿರುತ್ತದೆ. ಕಾರ್ಯಕ್ರಮದ ದಿನ ಒಬ್ಬರನ್ನು ಈ ಕೆಲಸಕ್ಕೇ ಕೂರಿಸಿ, ಬಂದ ಹೊತ್ತು, ಎಷ್ಟು ಸೆಕೆಂಡ್, ಯಾರ ಬೈಟ್ (ಸುದ್ದಿಯಲ್ಲಿ ಹಾಕುವ, ಅವರದೇ ದನಿಯ ಮಾತಿನ ತುಣುಕು) ಎಂದು ಬರೆದಿಡಲಿ. ಅಷ್ಟೂ ಗೊತ್ತಿಲ್ಲದೆ ದೋಷ ಹುಡುಕಲು ಹೊರಟರೆ ಕತ್ತಲಲ್ಲಿ ತಡಕಾಡಿದಂತೆ.

ಸರಪಳಿ ಎಲ್ಲಿ ಕಡಿದಿದೆ?

ನಿಮ್ಮ ಮೇಲ್‌ನಿಂದ ಪ್ರಸಾರದವರೆಗೆ ಒಂದು ಸರಪಳಿ ಇದೆ. ಸುದ್ದಿ ಸರಿಯಾದ ಡೆಸ್ಕಿಗೆ ತಲುಪಬೇಕು. ಒಬ್ಬರು ತೆರೆದು ಓದಬೇಕು. ಬೆಳಗಿನ ಮೀಟಿಂಗ್‌ನಲ್ಲಿ ಯಾರಾದರೂ ಅದನ್ನು ಬಾಯಿಬಿಟ್ಟು ಹೇಳಬೇಕು. ಅಸೈನ್‌ಮೆಂಟ್ ಡೆಸ್ಕ್ ಒಬ್ಬ ವರದಿಗಾರರನ್ನೂ ಕ್ಯಾಮೆರಾಮನ್ನರನ್ನೂ ಕಳಿಸಬೇಕು. ಅವರಿಗೆ ಶೂಟ್ ಮಾಡುವಂಥದ್ದು ಸಿಗಬೇಕು. ಎಡಿಟ್ ಆಗಬೇಕು. ಕೊನೆಗೆ ಬುಲೆಟಿನ್ ಕಟ್ಟುವ ಔಟ್‌ಪುಟ್‌ನವರು ರನ್‌ಡೌನ್‌ನಲ್ಲಿ, ಅಂದರೆ ಬುಲೆಟಿನ್‌ನ ಸುದ್ದಿಗಳ ಪಟ್ಟಿಯಲ್ಲಿ, ಜಾಗ ಕೊಡಬೇಕು, ಆ ಜಾಗ ಬುಲೆಟಿನ್ ಮುಗಿಯುವವರೆಗೆ ಉಳಿಯಬೇಕು.

ಇಷ್ಟು ಕೊಂಡಿಗಳನ್ನು ಮೊದಲಿನಿಂದ ಒಂದೊಂದಾಗಿ ಪರೀಕ್ಷಿಸುತ್ತ ಕೂರಬೇಡಿ. ನಡುವೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಅಲ್ಲಿಂದ ಯಾರಾದರೂ ನಮಗೆ ವಾಪಸ್ ಫೋನ್ ಮಾಡಿದರಾ?

ಯಾರೂ ಮಾಡದಿದ್ದರೆ ತಪ್ಪು ಮೊದಲ ಅರ್ಧದಲ್ಲಿದೆ, ಅಂದರೆ ವಿಳಾಸ, ಹೊತ್ತು, ಸುದ್ದಿಯ ರೂಪ. ಫೋನ್ ಬಂದು, ಅಥವಾ ಕ್ಯಾಮೆರಾವೇ ಬಂದು, ಆಮೇಲೆ ಪ್ರಸಾರ ಆಗದಿದ್ದರೆ ತಪ್ಪು ಎರಡನೇ ಅರ್ಧದಲ್ಲಿದೆ, ಅಂದರೆ ಜಾಗ, ಬೆಳಕು, ಸದ್ದು, ಮಾತನಾಡಿದವರು. ಈ ಎರಡರ ಮದ್ದು ಬೇರೆ ಬೇರೆ. ಬೈಟ್ ಸರಿಯಿಲ್ಲದೆ ಸುದ್ದಿ ಬಿದ್ದುಹೋಗಿರುವಾಗ ಇನ್ನೂರು ಹೊಸ ಮೇಲ್ ವಿಳಾಸ ಕೊಂಡು ಏನು ಪ್ರಯೋಜನ?

ಇನ್ನೊಂದು ಮಾತು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಹೊತ್ತನ್ನೂ, ಸಬ್ಜೆಕ್ಟ್ ಲೈನನ್ನೂ, ಮಾತನಾಡುವವರನ್ನೂ ಒಟ್ಟಿಗೆ ಬದಲಿಸಿದರೆ ಮುಂದಿನ ಸಲ ಸುದ್ದಿ ಬಂದರೂ ಯಾವುದರಿಂದ ಬಂತು ಎಂದು ಗೊತ್ತಾಗುವುದಿಲ್ಲ.

ಲಕ್ಷಣ: ಯಾವ ಉತ್ತರವೂ ಇಲ್ಲ, ಪೂರ್ತಿ ಮೌನ

ಮೊದಲು ಸುಲಭದ ಕಾರಣಗಳನ್ನು ತೆಗೆದುಹಾಕಿ. ವರದಿಗಾರರು ವಾಹಿನಿ ಬಿಟ್ಟು ಇನ್ನೊಂದಕ್ಕೆ ಹೋಗುತ್ತಲೇ ಇರುತ್ತಾರೆ. ಹಳೆಯ ಪಟ್ಟಿಯಲ್ಲಿರುವ ಮೇಲ್ ಯಾರೂ ನೋಡದ ಪೆಟ್ಟಿಗೆಗೆ ಹೋಗುತ್ತಿರಬಹುದು. ವ್ಯಕ್ತಿಗೆ ಕಳಿಸುವುದರ ಜೊತೆಗೆ ಡೆಸ್ಕಿನ ಸಾಮಾನ್ಯ ವಿಳಾಸಕ್ಕೂ ಕಳಿಸಿ. ಫೋಟೊ, ಪಿಡಿಎಫ್, ಲೋಗೋ ಎಲ್ಲ ಸೇರಿಸಿ ಭಾರ ಮಾಡಿದ ಮೇಲ್ ಸ್ಪ್ಯಾಮ್‌ಗೆ ಬೀಳುತ್ತದೆ, ಇಲ್ಲವೇ ಬೌನ್ಸ್ ಆಗುತ್ತದೆ. ಸುದ್ದಿಯನ್ನು ಮೇಲ್‌ನ ಒಳಗೇ ಬರೆಯಿರಿ, ಫೈಲುಗಳಿಗೆ ಲಿಂಕ್ ಕೊಡಿ. ಆ ಲಿಂಕ್ ಬೇರೆಯವರ ಫೋನಿನಲ್ಲಿ ಪಾಸ್‌ವರ್ಡ್ ಕೇಳದೆ ತೆರೆಯುತ್ತದೆಯೇ ಎಂದು ನೀವೇ ನೋಡಿ. ‘ಪರ್ಮಿಷನ್ ಕೊಡಿ’ ಎಂಬ ಕೋರಿಕೆ ನಿಮಗೆ ಬರುವ ಹೊತ್ತಿಗೆ ಬುಲೆಟಿನ್ ಮುಗಿದಿರುತ್ತದೆ.

ಆಮೇಲೆ ಡೆಸ್ಕ್. ಸುದ್ದಿ ವಿಭಾಗಕ್ಕೆ ಹೋಗಬೇಕಾದದ್ದು, ಬೆಳಗಿನ ಹರಟೆ ಕಾರ್ಯಕ್ರಮದ ನಿರ್ಮಾಪಕರಿಗೆ ಹೋಗಬೇಕಾದದ್ದು, ಆರೋಗ್ಯದ ವಾರದ ಕಾರ್ಯಕ್ರಮಕ್ಕೆ ಹೋಗಬೇಕಾದದ್ದು ಬೇರೆ ಬೇರೆ. ಸುದ್ದಿಯವರು ನಾಳೆಯದನ್ನು ಇಂದು ಯೋಚಿಸಿದರೆ, ಕಾರ್ಯಕ್ರಮದವರು ವಾರಗಳ ಮುಂಚೆಯೇ ಅತಿಥಿಗಳನ್ನು ಗೊತ್ತು ಮಾಡಿರುತ್ತಾರೆ. ಕೆಲವು ದೇಶಗಳಲ್ಲಿ ಖಾಸಗಿ ಎಫ್‌ಎಂಗಳಿಗೆ ತಮ್ಮದೇ ಸುದ್ದಿ ಓದಲು ಪರವಾನಗಿಯೇ ಇರುವುದಿಲ್ಲ. ಅಂಥ ಕಡೆ ಪ್ರೆಸ್ ನೋಟ್ ಕಳಿಸಿ ಕಾಯುವುದು ವ್ಯರ್ಥ. ಅಲ್ಲಿ ಆರ್‌ಜೆಯ ಕಾರ್ಯಕ್ರಮಕ್ಕೆ ಒಬ್ಬ ಒಳ್ಳೆಯ ಅತಿಥಿಯನ್ನು ಕೊಡುವುದೇ ದಾರಿ.

ಹೊತ್ತು ದೊಡ್ಡ ವಿಷಯ. ಬೆಳಗಿನ ಮೀಟಿಂಗ್‌ಗೆ ಮುಂಚೆ ಕೈಗೆ ಸಿಕ್ಕರೆ ಸುದ್ದಿ ಚರ್ಚೆಗೆ ಬರುತ್ತದೆ. ಮೀಟಿಂಗ್ ಮುಗಿದ ಮೇಲೆ ಸಿಕ್ಕರೆ, ಆ ಹೊತ್ತಿಗೆ ಕ್ಯಾಮೆರಾಗಳೆಲ್ಲ ಹಂಚಿಹೋಗಿರುತ್ತವೆ. ಕಾರ್ಯಕ್ರಮ ಇದ್ದರೆ ಕೆಲವು ದಿನ ಮುಂಚೆ ಒಂದು ಚಿಕ್ಕ ಸೂಚನೆ ಕಳಿಸಿ: ಏನು, ಎಲ್ಲಿ, ಎಷ್ಟು ಗಂಟೆಗೆ, ಏನು ಶೂಟ್ ಮಾಡಬಹುದು, ಯಾರು ಮಾತನಾಡುತ್ತಾರೆ, ಗಾಡಿ ಎಲ್ಲಿ ನಿಲ್ಲಿಸಬಹುದು. ಅದು ಪ್ಲಾನಿಂಗ್ ಡೈರಿಗೆ ಹೋಗುತ್ತದೆ. ಹಿಂದಿನ ದಿನ ಅದನ್ನೇ ಮತ್ತೊಮ್ಮೆ ಕಳಿಸಿ. ಪೂರ್ತಿ ಪ್ರೆಸ್ ನೋಟ್ ಕಾರ್ಯಕ್ರಮದ ದಿನಕ್ಕೆ ಇರಲಿ.

ಫೋನ್ ಮಾಡಬೇಕೋ ಬೇಡವೋ? ಮಾಡಬೇಕು, ಒಂದೇ ಸಲ. ಆದರೆ ರೇಡಿಯೊಗೆ ಗಂಟೆ ಹೊಡೆಯುವ ಹೊತ್ತಿಗೆ, ಟಿವಿಗೆ ದೊಡ್ಡ ಬುಲೆಟಿನ್‌ನ ಹಿಂದಿನ ಒಂದು ಗಂಟೆಯಲ್ಲಿ ಬೇಡ. ‘ಪ್ರೆಸ್ ನೋಟ್ ಸಿಕ್ತಾ ಸರ್?’ ಎಂದು ಶುರು ಮಾಡುವುದಂತೂ ಬೇಡವೇ ಬೇಡ. ಅದಕ್ಕೆ ಇರುವ ಉತ್ತರ ‘ನೋಡ್ತೀವಿ’ ಒಂದೇ. ಅಲ್ಲಿಗೆ ಫೋನ್ ಮುಗಿಯಿತು.

ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪಾಠಗಳನ್ನು ರೆಕಾರ್ಡ್ ಮಾಡುವ ಒಂದು ಸ್ಟುಡಿಯೊ ಶುರುವಾಗುತ್ತಿದೆ ಎಂದುಕೊಳ್ಳಿ. ಫೋನ್ ಹೀಗಿರಬಹುದು:

‘ನಮಸ್ಕಾರ ಸರ್, ಶುಕ್ರವಾರದ್ದು ಒಂದು ಸ್ಟೋರಿ ಇದೆ. ಅರ್ಧ ನಿಮಿಷ ಮಾತಾಡಬಹುದಾ?’

‘ಹೇಳಿ.’

‘ಕಣ್ಣು ಕಾಣದ ಮಕ್ಕಳಿಗೆ ಪಾಠ ಓದಿ ರೆಕಾರ್ಡ್ ಮಾಡೋ ಸ್ಟುಡಿಯೊ ಶುರುವಾಗ್ತಿದೆ ಸರ್. ಓದೋ ಟೀಚರ್‌ಗೂ ಕಣ್ಣು ಕಾಣಲ್ಲ. ಬೆರಳಲ್ಲಿ ಬ್ರೈಲ್ ಸವರ್ತಾ ಮೈಕ್ ಮುಂದೆ ಓದ್ತಾರೆ.’

‘ಓದೋದನ್ನ ಶೂಟ್ ಮಾಡೋಕೆ ಬಿಡ್ತೀರಾ?’

‘ಬಿಡ್ತೀವಿ ಸರ್. ಹತ್ತು ಗಂಟೆಯಿಂದ ರೆಕಾರ್ಡಿಂಗ್ ನಡೀತಿರುತ್ತೆ. ಕೇಳಿಸ್ಕೊಂಡು ಓದಿ ಪರೀಕ್ಷೆ ಬರೆದ ಹುಡುಗಿನೂ ಇರ್ತಾಳೆ.’

‘ಸರಿ, ಡೀಟೇಲ್ಸ್ ಮೇಲ್ ಹಾಕಿ.’

ಇಲ್ಲಿ ಸಂಸ್ಥೆಯ ಹೆಸರೇ ಬಂದಿಲ್ಲ, ಅಧ್ಯಕ್ಷರ ಹೆಸರೂ ಬಂದಿಲ್ಲ. ಅವು ಮೇಲ್‌ನಲ್ಲಿ ಬರುತ್ತವೆ. ಡೆಸ್ಕಿನವರು ಕೇಳಿದ ಒಂದೇ ಪ್ರಶ್ನೆಯನ್ನು ನೋಡಿ: ಶೂಟ್ ಮಾಡಲು ಬಿಡ್ತೀರಾ? ಅವರ ತಲೆಯಲ್ಲಿ ಓಡುವುದು ಅದೊಂದೇ.

ಲಕ್ಷಣ: ಪತ್ರಿಕೆಗಳಲ್ಲಿ ಬರುತ್ತದೆ, ಟಿವಿ–ರೇಡಿಯೊದಲ್ಲಿ ಮಾತ್ರ ಇಲ್ಲ

ಇದು ಕಂಡರೆ ರೋಗ ಬಹುಮಟ್ಟಿಗೆ ಸಿಕ್ಕಿತು ಎಂದೇ ಲೆಕ್ಕ. ವಿಳಾಸ ಸರಿಯಿದೆ, ಸುದ್ದಿಯಲ್ಲಿ ಹುರುಳಿದೆ. ರೂಪ ಸರಿಯಿಲ್ಲ.

ಪ್ರೆಸ್ ನೋಟ್ ಹುಟ್ಟಿದ್ದೇ ಕಾಗದಕ್ಕಾಗಿ. ಮೊದಲ ಪತ್ರಿಕಾ ಪ್ರಕಟಣೆ ಎಂದು ಸಾಮಾನ್ಯವಾಗಿ ಹೇಳುವುದು ಪಿಆರ್ ಕೆಲಸದ ಮೊದಲಿಗರಲ್ಲಿ ಒಬ್ಬರಾದ ಐವಿ ಲೀ 1906ರ ಅಕ್ಟೋಬರ್‌ನಲ್ಲಿ ಬರೆದದ್ದನ್ನು. ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ರೈಲು ಅಪಘಾತವಾದಾಗ ಪೆನ್ಸಿಲ್ವೇನಿಯಾ ರೈಲ್ರೋಡ್ ಪರವಾಗಿ ಅವರು ಹೇಳಿಕೆ ಕೊಟ್ಟರು, ನ್ಯೂಯಾರ್ಕ್ ಟೈಮ್ಸ್ ಅದನ್ನು ಇದ್ದ ಹಾಗೇ ಅಚ್ಚು ಹಾಕಿತು. ರೇಡಿಯೊ ವಾರ್ತೆ ಎಂಬುದೇ ಆಗ ಇರಲಿಲ್ಲ. ನೂರು ವರ್ಷ ದಾಟಿದ ಮೇಲೂ ನಾವು ಅದೇ ಅಚ್ಚಿನಲ್ಲಿ ಬರೆದು, ಓದುವವರೇ ಇಲ್ಲದ ಮಾಧ್ಯಮಕ್ಕೆ ಕಳಿಸುತ್ತಿದ್ದೇವೆ.

ಪರೀಕ್ಷೆ ಸುಲಭ. ಟಿವಿಗೆ: ನಿಮ್ಮ ಸುದ್ದಿಯನ್ನು ಸದ್ದು ಪೂರ್ತಿ ಬಂದ್ ಮಾಡಿ ನೋಡಿದಂತೆ ಊಹಿಸಿಕೊಳ್ಳಿ. ಏನು ಕಾಣುತ್ತದೆ? ಮೇಜಿನ ಹಿಂದೆ ಐದು ಜನ ಕೂತಿದ್ದಾರೆ, ಒಬ್ಬರು ಕಾಗದ ಓದುತ್ತಿದ್ದಾರೆ, ಆಮೇಲೆ ರಿಬ್ಬನ್. ಇಷ್ಟೇ ಆದರೆ ಅದು ಯಾವ ಸಂಸ್ಥೆಯ ಯಾವ ಕಾರ್ಯಕ್ರಮವೂ ಆಗಬಹುದು. ಡೆಸ್ಕಿನವರಿಗೆ ಅದನ್ನು ತೋರಿಸುವ ಉತ್ಸಾಹ ಎಲ್ಲಿಂದ ಬರಬೇಕು? ರೇಡಿಯೊಗೆ: ಕಣ್ಣು ಮುಚ್ಚಿ. ನಿಮ್ಮ ಸುದ್ದಿಯಲ್ಲಿ ಮಾತು ಬಿಟ್ಟು ಇನ್ನೇನು ಕೇಳಿಸುತ್ತದೆ? ಯಾರ ದನಿ? ಆ ದನಿ ಅನುಭವಿಸಿದವರದೋ, ಬರೀ ಹುದ್ದೆಯವರದೋ?

ಅದೇ ಸ್ಟುಡಿಯೊ ಸುದ್ದಿಯನ್ನೇ ತೆಗೆದುಕೊಳ್ಳಿ. ಸಾಮಾನ್ಯವಾಗಿ ಮೊದಲ ವಾಕ್ಯ ಹೀಗಿರುತ್ತದೆ:

‘ದೃಷ್ಟಿ ವಿಶೇಷಚೇತನ ವಿದ್ಯಾರ್ಥಿಗಳ ಶೈಕ್ಷಣಿಕ ಸಬಲೀಕರಣದ ನಿಟ್ಟಿನಲ್ಲಿ ಸಂಸ್ಥೆಯು ಹಮ್ಮಿಕೊಂಡಿರುವ ಮಹತ್ವಾಕಾಂಕ್ಷೆಯ ಧ್ವನಿಪುಸ್ತಕ ಯೋಜನೆಗೆ ಶುಕ್ರವಾರ ವಿಧ್ಯುಕ್ತವಾಗಿ ಚಾಲನೆ ನೀಡಲಾಯಿತು.’

ಇದನ್ನು ಜೋರಾಗಿ ಓದಿ. ಎಲ್ಲಿ ಉಸಿರು ತೆಗೆದುಕೊಳ್ಳುತ್ತೀರಿ? ಕೇಳುವವರಿಗೆ ‘ಚಾಲನೆ’ ಎಂಬ ಪದ ಬರುವಷ್ಟರಲ್ಲಿ ಯಾರಿಗೆ, ಏನು ಎಂಬುದು ಮರೆತೇಹೋಗಿರುತ್ತದೆ. ಓದುವವರು ಹಿಂದಕ್ಕೆ ಹೋಗಿ ಇನ್ನೊಮ್ಮೆ ನೋಡಬಹುದು. ಕೇಳುವವರಿಗೆ ಆ ಸೌಲಭ್ಯ ಇಲ್ಲ. ರೇಡಿಯೊಗೆ ಹೀಗೆ ಬರೆಯಬಹುದು:

‘ಕಣ್ಣು ಕಾಣದ ಮಕ್ಕಳು ಇನ್ನು ಮುಂದೆ ಪಾಠಗಳನ್ನು ಕೇಳಿಯೇ ಕಲಿಯಬಹುದು. ಪಾಠ ಓದಿ ರೆಕಾರ್ಡ್ ಮಾಡುವ ಸ್ಟುಡಿಯೊ ಇಂದು ಶುರುವಾಗಿದೆ. ಓದುತ್ತಿರುವ ಶಿಕ್ಷಕಿಗೂ ಕಣ್ಣು ಕಾಣುವುದಿಲ್ಲ. ಬ್ರೈಲ್ ಪುಟದ ಮೇಲೆ ಬೆರಳಾಡಿಸುತ್ತ ಅವರು ಮೈಕ್ ಮುಂದೆ ಓದುತ್ತಾರೆ.’

ವಾರ್ತೆ ಓದುವವರು ಒಂದಕ್ಷರ ಬದಲಿಸದೆ ಓದಬಹುದು. ಇಂಗ್ಲಿಷ್ ವಾರ್ತೆಯಲ್ಲಿ ನಿಮಿಷಕ್ಕೆ ಸುಮಾರು 150 ಪದ ಎಂಬ ಲೆಕ್ಕ ಇದೆ. ಅದನ್ನು ಕನ್ನಡಕ್ಕೆ ಹಚ್ಚಬೇಡಿ. ನಮ್ಮ ಪದಗಳು ಉದ್ದ, ಒಂದೊಂದು ಪದಕ್ಕೂ ಪ್ರತ್ಯಯ ಅಂಟಿರುತ್ತದೆ. ಫೋನಿನ ಸ್ಟಾಪ್‌ವಾಚ್ ಇಟ್ಟುಕೊಂಡು ಓದಿ. ಮೂವತ್ತು ಸೆಕೆಂಡಿಗೆ ಮುಗಿಯದಿದ್ದರೆ ಕತ್ತರಿಸಿ. ಅಂಕಿಗಳನ್ನು ದುಂಡಗೆ ಮಾಡಿ: 4,873 ಎಂದು ಕೇಳಿದವರಿಗೆ ನೆನಪಿರುವುದಿಲ್ಲ, ‘ಸುಮಾರು ಐದು ಸಾವಿರ’ ನೆನಪಿರುತ್ತದೆ. ಸರಿಯಾದ ಅಂಕಿಯನ್ನು ಕೆಳಗೆ ಕೊಟ್ಟಿರಿ, ಬೇಕಾದವರು ನೋಡಿಕೊಳ್ಳುತ್ತಾರೆ. ಓದಲು ಕಷ್ಟವಾದ ಹೆಸರುಗಳನ್ನು ಬಿಡಿಸಿ ಬರೆದುಕೊಡಿ.

ಟಿವಿಗೆ ಕಳಿಸುವ ಸೂಚನೆಯಲ್ಲಿ ‘ಶೂಟ್ ಮಾಡಲು ಏನೇನಿದೆ’ ಎಂದು ಬೇರೆಯಾಗಿಯೇ ಬರೆಯಿರಿ. ಬೆರಳು ಮತ್ತು ಬ್ರೈಲ್ ಪುಟದ ಕ್ಲೋಸಪ್, ಗಾಜಿನಾಚೆ ಕೂತ ಎಂಜಿನಿಯರ್, ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿರುವ ವಿದ್ಯಾರ್ಥಿನಿ. ಇಂಥ ಮೂರು ಸಾಲು, ಒಂದು ಪುಟದ ಗುಣಗಾನಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಸುದ್ದಿಯೇ ಇಲ್ಲದಿದ್ದರೆ?

ಇದನ್ನು ಮೇಲಿನವರಿಗೆ ಹೇಳುವುದು ಕಷ್ಟ, ಆದರೆ ಹೇಳಬೇಕು. ಸಂಸ್ಥೆಗೆ ಇಷ್ಟು ವರ್ಷ ತುಂಬಿತು, ಹೊಸ ಲೋಗೋ ಬಂತು, ನಿರ್ದೇಶಕರು ಬದಲಾದರು. ಒಳಗಿನವರಿಗೆ ಇದು ಹಬ್ಬ, ಹೊರಗಿನವರಿಗೆ ಏನೂ ಅಲ್ಲ. ಸಂಸ್ಥೆಗೆ ಸಂಬಂಧವೇ ಇಲ್ಲದ ಒಬ್ಬರಿಗೆ ಒಂದೇ ವಾಕ್ಯದಲ್ಲಿ ಹೇಳಿ ನೋಡಿ. ‘ಹೌದಾ? ಆಮೇಲೆ?’ ಎಂದರೆ ಸುದ್ದಿ ಇದೆ. ‘ಓ, ಒಳ್ಳೇದು’ ಎಂದರೆ ಇಲ್ಲ.

ಸುದ್ದಿ ಚೆನ್ನಾಗಿದ್ದೂ ಆ ದಿನ ದೊಡ್ಡ ಘಟನೆ ನಡೆದು ಕೊಚ್ಚಿಹೋಗುವುದೂ ಉಂಟು. ಅದು ದೋಷವೇ ಅಲ್ಲ, ಏನನ್ನೂ ರಿಪೇರಿ ಮಾಡಲು ಹೋಗಬೇಡಿ. ಎರಡು ದಿನ ಬಿಟ್ಟು ಹೊಸ ಕೋನದಲ್ಲಿ, ಕಾರ್ಯಕ್ರಮಕ್ಕೆ ಅಂಟಿಕೊಳ್ಳದ ಸ್ಟೋರಿಯಾಗಿ ಕೊಡಿ. ರಜಾ ದಿನಗಳಲ್ಲಿ ಸುದ್ದಿ ಕಡಿಮೆ, ಸಿಬ್ಬಂದಿಯೂ ಕಡಿಮೆ. ಹೋಗಿ ಬರಲು ಸುಲಭವಾದ, ರೆಡಿ ಇರುವ ಸ್ಟೋರಿಗೆ ಆಗ ಜಾಗ ಸಿಗುತ್ತದೆ.

ಲಕ್ಷಣ: ಫೋನ್ ಬಂತು, ಆಮೇಲೆ ತಣ್ಣಗಾಯಿತು

ಹೆಚ್ಚಿನ ಸಲ ಕಾರಣ ಒಂದೇ: ನಾವು ನಿಧಾನ. ‘ಮಾತಾಡೋರು ಯಾರು?’ ಎಂದು ಹನ್ನೊಂದಕ್ಕೆ ಕೇಳಿದರೆ, ಮೇಲಿನವರ ಒಪ್ಪಿಗೆ ಪಡೆದು ನಾಲ್ಕಕ್ಕೆ ಹೆಸರು ಕೊಡುತ್ತೇವೆ. ಅಷ್ಟರಲ್ಲಿ ಅವರು ಬೇರೆ ಸ್ಟೋರಿ ಮುಗಿಸಿರುತ್ತಾರೆ. ಪ್ರೆಸ್ ನೋಟ್ ಹೊರಡುವ ಮುಂಚೆಯೇ ಮಾತನಾಡುವ ಇಬ್ಬರು ಗೊತ್ತಾಗಿರಬೇಕು, ಇಬ್ಬರೂ ಆ ದಿನ ಊರಲ್ಲಿರಬೇಕು, ಫೋನ್ ಎತ್ತಬೇಕು. ನೋಟ್‌ನಲ್ಲಿ ಕೊಟ್ಟ ನಂಬರು ಸಭೆಯಲ್ಲಿ ಸೈಲೆಂಟ್ ಆಗಿ ಕೂತಿರುವವರದ್ದಾಗಬಾರದು. ಶೂಟಿಂಗ್‌ಗೆ ಅನುಮತಿ ಬೇಕಾದ ಜಾಗವಾದರೆ ಅದನ್ನೂ ಮೊದಲೇ ಪಡೆದಿರಿ. ಗೇಟಿನಲ್ಲಿ ಸೆಕ್ಯುರಿಟಿಯವರು ತಡೆದು ನಿಲ್ಲಿಸಿದ ಕ್ಯಾಮೆರಾಮನ್ ಎರಡನೇ ಸಲ ಖುಷಿಯಿಂದ ಬರುವುದಿಲ್ಲ.

ಲಕ್ಷಣ: ಕ್ಯಾಮೆರಾ ಬಂತು, ಶೂಟ್ ಆಯಿತು, ಪ್ರಸಾರ ಆಗಲಿಲ್ಲ

ಈಗ ಎರಡನೇ ಅರ್ಧಕ್ಕೆ ಬಂದೆವು. ಇಲ್ಲಿ ಮಾಧ್ಯಮದವರನ್ನು ಬೈಯುವ ಮುಂಚೆ ನಿಮ್ಮ ಹಾಲ್‌ಗೆ ಹೋಗಿ, ಕ್ಯಾಮೆರಾ ನಿಂತಿದ್ದ ಜಾಗದಲ್ಲಿ ನಿಂತು, ಫೋನಿನಲ್ಲಿ ಒಂದು ನಿಮಿಷ ಶೂಟ್ ಮಾಡಿ ನೋಡಿ. ಬಹಳಷ್ಟು ತಪ್ಪು ಆ ಒಂದು ನಿಮಿಷದಲ್ಲೇ ಕಾಣುತ್ತದೆ.

ಮಾತನಾಡುವವರ ಹಿಂದೆ ಕಿಟಕಿ ಇದೆಯಾ? ಹಾಗಾದರೆ ಮುಖ ಕಪ್ಪು. ಪರದೆ ಎಳೆಯಿರಿ, ಇಲ್ಲವೇ ಕುರ್ಚಿ ತಿರುಗಿಸಿ. ಮಿರಮಿರ ಮಿಂಚುವ ಫ್ಲೆಕ್ಸ್ ಬ್ಯಾನರ್ ಇದೆಯಾ? ಕ್ಯಾಮೆರಾದ ಲೈಟ್ ಅದರ ಮೇಲೆ ಬಿದ್ದು ಬಿಳಿ ಕಲೆಯಾಗುತ್ತದೆ. ಮ್ಯಾಟ್ ಬಟ್ಟೆಯ ಬ್ಯಾನರ್ ಒಳ್ಳೆಯದು. ಬ್ಯಾನರ್‌ನಲ್ಲಿ ಸಂಸ್ಥೆಯ ಹೆಸರು ಎಲ್ಲೋ ಮೇಲೆ ಇದ್ದರೆ ಬೈಟ್‌ನ ಫ್ರೇಮಿಗೆ ಬರುವುದೇ ಇಲ್ಲ. ಕೂತವರ ಕಿವಿಯ ಎತ್ತರಕ್ಕೆ, ತಲೆಯ ಎರಡೂ ಬದಿಗೆ ಬರುವಂತೆ ಮಾಡಿಸಿ. ಸಣ್ಣ ಗೆರೆಗಳ ಅಂಗಿ ಬೇಡ. ಪರದೆಯ ಮೇಲೆ ಆ ಗೆರೆಗಳು ಅಲೆಅಲೆಯಾಗಿ ಕುಣಿಯುತ್ತವೆ.

ಹಿಂದೆ ದೊಡ್ಡ ಎಲ್‌ಇಡಿ ಪರದೆ ಇದ್ದರೆ ಇನ್ನೊಂದು ತೊಂದರೆ. ಕಣ್ಣಿಗೆ ಸರಿಯಾಗಿ ಕಂಡರೂ ಕ್ಯಾಮೆರಾದಲ್ಲಿ ಕಪ್ಪು ಪಟ್ಟಿಗಳು ಮೇಲೆ ಕೆಳಗೆ ಉರುಳುತ್ತವೆ. ಪರದೆಯ ರಿಫ್ರೆಶ್ ವೇಗಕ್ಕೂ ಕ್ಯಾಮೆರಾದ ಶಟರ್ ವೇಗಕ್ಕೂ ತಾಳ ತಪ್ಪಿರುತ್ತದೆ. ಅಗ್ಗದ ಟ್ಯೂಬ್‌ಲೈಟ್, ಎಲ್‌ಇಡಿ ಬಲ್ಬುಗಳದ್ದೂ ಹೆಚ್ಚುಕಡಿಮೆ ಇದೇ ಕಥೆ. ವಿದ್ಯುತ್ತು 50 ಹರ್ಟ್ಸ್ ಇರುವ ಕಡೆ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಅಲ್ಲಿ ಶಟರ್ 1/50 ಅಥವಾ 1/100 ಇಟ್ಟರೆ ಸರಿಹೋಗುತ್ತದೆ. 60 ಹರ್ಟ್ಸ್ ಇರುವ ಕಡೆ 1/60 ಅಥವಾ 1/120. ಕ್ಯಾಮೆರಾಮನ್ನರಿಗೆ ಇದು ಗೊತ್ತಿರುತ್ತದೆ. ಆದರೆ ಪರದೆಯೇ ಕಳಪೆಯಾದರೆ ಅವರೂ ಏನು ಮಾಡಲಾಗದು. ಬಾಡಿಗೆಗೆ ತರುವ ಮುಂಚೆ ಹೆಚ್ಚಿನ ರಿಫ್ರೆಶ್ ರೇಟ್‌ನದ್ದು ಬೇಕೆಂದು ಕೇಳಿ, ಕ್ಯಾಮೆರಾದಲ್ಲೇ ಪರೀಕ್ಷಿಸಿ.

ಸದ್ದು ಇನ್ನೂ ಮುಖ್ಯ. ಚಿತ್ರ ಸ್ವಲ್ಪ ಮಂಕಾದರೂ ಹಾಕುತ್ತಾರೆ, ಮಾತು ಕೇಳದಿದ್ದರೆ ಹಾಕುವುದೇ ಇಲ್ಲ. ಹಾಲ್‌ನ ಸ್ಪೀಕರ್‌ನಿಂದ ಬಂದ ಗುಂಯ್‌ಗುಡುವ ಸದ್ದನ್ನು ಹತ್ತಾರು ಅಡಿ ದೂರದ ಕ್ಯಾಮೆರಾ ಮೈಕ್ ಹಿಡಿದರೆ ಅದು ಬೈಟ್‌ಗೆ ಬರುವುದಿಲ್ಲ. ಮಿಕ್ಸರ್‌ನಿಂದ ನೇರ ಆಡಿಯೊ ಕೊಡುವ ಪ್ರೆಸ್ ಬಾಕ್ಸ್ ಇಟ್ಟರೆ ಎಲ್ಲ ವಾಹಿನಿಗಳೂ ತಮ್ಮ ಕೇಬಲ್ ಚುಚ್ಚಿಕೊಳ್ಳುತ್ತವೆ. ಅದರ ಒಂದೊಂದು ಔಟ್‌ಪುಟ್ಟನ್ನೂ ಹೆಡ್‌ಫೋನ್ ಹಾಕಿ ಮೊದಲೇ ಕೇಳಿ ನೋಡಿ. ಸೌಂಡ್‌ನವರು ‘ಎಲ್ಲ ಓಕೆ ಸರ್’ ಎಂದದ್ದನ್ನು ನಂಬಿ ಸುಮ್ನೆ ಕೂರಬೇಡಿ.

ಇನ್ನು ಕಾರ್ಯಕ್ರಮದ ಕ್ರಮ. ಸ್ವಾಗತ, ಪ್ರಾಸ್ತಾವಿಕ ನುಡಿ, ಗಣ್ಯರ ಭಾಷಣ, ಸನ್ಮಾನ, ಕೊನೆಗೆ ಮುಖ್ಯ ವಿಷಯ. ಕ್ಯಾಮೆರಾ ತಂಡಕ್ಕೆ ಆ ದಿನ ಇನ್ನೂ ಎರಡು ಕಡೆ ಹೋಗಬೇಕಿರುತ್ತದೆ. ಸಿಕ್ಕಷ್ಟು ತೆಗೆದುಕೊಂಡು ಎದ್ದುಬಿಡುತ್ತಾರೆ. ಅವರ ಕೈಗೆ ಸಿಕ್ಕಿದ್ದು ಸ್ವಾಗತ ಭಾಷಣ! ತೋರಿಸಬೇಕಾದದ್ದನ್ನು ಮೊದಲು ತೋರಿಸಿ, ಬೈಟ್ ಕೊಟ್ಟು ಕಳಿಸಿ, ಭಾಷಣಗಳನ್ನು ಆಮೇಲೆ ನಿಧಾನವಾಗಿ ಮಾಡಿಕೊಳ್ಳಿ. ಗಣ್ಯರಿಗೆ ಬೇಜಾರಾಗುತ್ತದೆ ಎಂಬ ಅಳುಕು ಎಲ್ಲರಿಗೂ ಇದೆ. ಟಿವಿಯಲ್ಲಿ ತಮ್ಮ ಮುಖ ಬಾರದಿದ್ದಾಗ ಆಗುವ ಬೇಜಾರು ಅದಕ್ಕಿಂತ ದೊಡ್ಡದು, ಅಲ್ವಾ?

ಕ್ಯಾಮೆರಾ ಬರಲಾಗದವರಿಗೆ ನೀವೇ ವಿಶುವಲ್ಸ್ ಕೊಡಬಹುದು. ಅದು ತಿರಸ್ಕಾರವಾದರೆ ಕಾರಣ ಸಾಮಾನ್ಯವಾಗಿ ಇವು: ಫೋನ್ ಉದ್ದಕ್ಕೆ ಹಿಡಿದು ಶೂಟ್ ಮಾಡಿದ್ದು, ಹಿನ್ನೆಲೆಗೆ ಸಂಗೀತ ಹಾಕಿದ್ದು, ಮೂಲೆಯಲ್ಲಿ ನಿಮ್ಮ ಲೋಗೋ, ಮೇಲೆ ಬರಹ, ಎರಡೆರಡು ಸೆಕೆಂಡಿಗೆ ಕಟ್. ನೀವು ಕೊಡಬೇಕಾದದ್ದು ಎಡಿಟ್ ಮಾಡದ ಹಸಿ ದೃಶ್ಯ. ಫೋನ್ ಅಡ್ಡ ಹಿಡಿದು, 1920×1080 ಅಳತೆಯಲ್ಲಿ, ಒಂದೊಂದು ಶಾಟನ್ನೂ ಅಲುಗಾಡದೆ ಹತ್ತು ಸೆಕೆಂಡ್ ಹಿಡಿದು, ಸ್ಥಳದ ಸಹಜ ಸದ್ದನ್ನು ಹಾಗೇ ಉಳಿಸಿ. ಸೆಕೆಂಡಿಗೆ 25 ಫ್ರೇಮೋ 30 ಫ್ರೇಮೋ ಎಂಬುದು ದೇಶದಿಂದ ದೇಶಕ್ಕೆ ಬೇರೆ, ಒಂದು ಸಲ ಅವರನ್ನೇ ಕೇಳಿ ಬರೆದಿಟ್ಟುಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಆಗಿ ಕಳಿಸಿದರೆ ಅದು ಹಿಂಡಿ ಚಿಕ್ಕದು ಮಾಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಅಥವಾ ಲಿಂಕ್ ಕೊಡಿ.

ಲಕ್ಷಣ: ವಿಶುವಲ್ಸ್ ಹಾಕಿದರು, ನಮ್ಮವರ ಮಾತು ಹಾಕಲಿಲ್ಲ

ಬೈಟ್ ಚಿಕ್ಕದಾಗಿರಬೇಕು. ಡೇನಿಯಲ್ ಹಾಲಿನ್ ಎಂಬ ವಿದ್ವಾಂಸರು ಅಮೆರಿಕದ ಟಿವಿ ವಾಹಿನಿಗಳ ಚುನಾವಣಾ ಸುದ್ದಿಗಳನ್ನು ಅಳೆದು ನೋಡಿದ್ದರು. 1968ರಲ್ಲಿ ಅಭ್ಯರ್ಥಿಗಳ ಒಂದು ಬೈಟ್ ಸರಾಸರಿ 43 ಸೆಕೆಂಡ್ ಇತ್ತು, 1988ಕ್ಕೆ ಅದು 9 ಸೆಕೆಂಡಿಗೆ ಇಳಿದಿತ್ತು. ಅಧ್ಯಕ್ಷ ಹುದ್ದೆಗೆ ನಿಂತವರಿಗೇ ಒಂಬತ್ತು ಸೆಕೆಂಡ್. ನಮ್ಮ ನಿರ್ದೇಶಕರಿಗೆ ಎರಡು ನಿಮಿಷ ಯಾರು ಕೊಡುತ್ತಾರೆ?

ಬೈಟ್ ಕೆಡುವುದು ಹೆಚ್ಚಾಗಿ ಮೊದಲ ನಾಲ್ಕು ಪದಗಳಲ್ಲಿ. ‘ನಾನು ಮೊದಲೇ ಹೇಳಿದ ಹಾಗೆ’ ಎಂದರೆ ಆ ಬೈಟ್ ಅಲ್ಲಿಗೇ ಸತ್ತಿತು. ಅವರು ಮೊದಲು ಹೇಳಿದ್ದು ನೋಡುಗರಿಗೆ ಕೇಳಿಸುವುದೇ ಇಲ್ಲ. ‘ಹೌದು, ಅದು ತುಂಬಾ ಉಪಯುಕ್ತ’ ಎಂದರೂ ಕೆಲಸಕ್ಕೆ ಬರುವುದಿಲ್ಲ. ಪ್ರಶ್ನೆ ಎಡಿಟ್‌ನಲ್ಲಿ ಹೋಗುತ್ತದೆ, ‘ಅದು’ ಎಂದರೆ ಯಾವುದು? ಉತ್ತರದಲ್ಲೇ ಪ್ರಶ್ನೆಯೂ ಸೇರಿರಬೇಕು: ‘ಪಾಠ ಕೇಳಿ ಕಲಿತ ಮಕ್ಕಳು ಈಗ ಯಾರ ಸಹಾಯವೂ ಇಲ್ಲದೆ ಪರೀಕ್ಷೆಗೆ ತಯಾರಾಗಬಹುದು.’ ಇದು ಎಲ್ಲಿ ಕತ್ತರಿಸಿ ಹಾಕಿದರೂ ನಿಲ್ಲುತ್ತದೆ. ಕೆಲವರು ಅಂಕಿಅಂಶದ ಕಾಗದ ನೋಡಿ ಓದುತ್ತಾರೆ. ಕಣ್ಣು ಕೆಳಗೆ, ದನಿ ಸಪ್ಪೆ. ಕಾಗದ ಕೈಯಿಂದ ತೆಗೆದುಬಿಡಿ.

ಮುಂಚಿನ ದಿನ ಫೋನಿನಲ್ಲಿ ಅವರನ್ನು ಶೂಟ್ ಮಾಡಿ ಅವರಿಗೇ ತೋರಿಸಿ. ನೀವು ಹತ್ತು ಸಲ ಹೇಳುವುದಕ್ಕಿಂತ ಅವರು ಒಂದು ಸಲ ನೋಡುವುದು ಪರಿಣಾಮಕಾರಿ. ಎದುರಿಗೆ ವರದಿಗಾರರಿದ್ದರೆ ಅವರ ಕಣ್ಣು ನೋಡಿ ಮಾತನಾಡಬೇಕು. ಸ್ಟುಡಿಯೊದಿಂದ ದೂರದಲ್ಲಿದ್ದು ಲೈವ್ ಕೊಡುವಾಗ ಮಾತ್ರ ಲೆನ್ಸ್ ನೋಡಬೇಕು. ಲೈವ್‌ನಲ್ಲಿ ಆ್ಯಂಕರ್ ಪ್ರಶ್ನೆ ಕಿವಿಗೆ ಬರಲು ಒಂದೆರಡು ಸೆಕೆಂಡ್ ತಡವಾಗುತ್ತದೆ, ಆ ಹೊತ್ತಿನಲ್ಲಿ ಪಿಳಿಪಿಳಿ ನೋಡದೆ ಸಮಾಧಾನವಾಗಿ ಕಾಯುವುದನ್ನೂ ಅಭ್ಯಾಸ ಮಾಡಿಸಿ.

ರೇಡಿಯೊ ಬೈಟ್ ಫೋನಿನಲ್ಲಿ ಕೊಟ್ಟು, ಅದು ಬರಲಿಲ್ಲವಾದರೆ ಫೋನ್ ಲೈನನ್ನೇ ಅನುಮಾನಿಸಿ. ಹಳೆಯ ದೂರವಾಣಿ ಲೈನು ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಸದ್ದನ್ನು ಮಾತ್ರ ಸಾಗಿಸುತ್ತದೆ. ಸ, ಶ ಥರದ ಅಕ್ಷರಗಳ ಚೂಪು ಅದಕ್ಕಿಂತ ಮೇಲೆ ಇರುವುದರಿಂದ ಮಾತು ಮಂಕಾಗಿ ಕೇಳುತ್ತದೆ. ಸ್ಪೀಕರ್‌ಫೋನ್ ಹಾಕಿಕೊಂಡರಂತೂ ಮುಗಿಯಿತು. ಪರಿಹಾರ ಸುಲಭ: ಕರೆ ನಡೆಯುತ್ತಿರುವಾಗಲೇ ಇನ್ನೊಂದು ಫೋನನ್ನು ಬಾಯಿಂದ ಒಂದು ಗೇಣು ದೂರ ಇಟ್ಟು ರೆಕಾರ್ಡ್ ಮಾಡಿ, ಆ ಫೈಲ್ ಕಳಿಸಿ. ಫ್ಯಾನ್, ಎಸಿ ಬಂದ್ ಮಾಡಿ. ಬರಿಗೋಡೆಯ ಕೋಣೆಗಿಂತ ಪರದೆ, ಸೋಫಾ ಇರುವ ಕೋಣೆ ಒಳ್ಳೆಯದು.

ಲಕ್ಷಣ: ‘ಪ್ಯಾಕೇಜ್ ತಗೊಳ್ಳಿ, ಹಾಕ್ತೀವಿ’ ಎನ್ನುತ್ತಾರೆ

ಆಗ ನೀವು ಮಾತನಾಡುತ್ತಿರುವುದು ಜಾಹೀರಾತು ವಿಭಾಗದ ಜೊತೆ. ಬೇಕಿದ್ದರೆ ಜಾಹೀರಾತೇ ಕೊಡಿ, ಜಾಹೀರಾತು ಎಂದು ಪರದೆಯ ಮೇಲೆ ಬರೆದಿರಲಿ. ಸುದ್ದಿಯ ವೇಷ ಹಾಕಿಸುವುದು ಬೇಡ. ಅಮೆರಿಕದ ಆರೋಗ್ಯ ಇಲಾಖೆ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆಯ ಬಗ್ಗೆ ಸಿದ್ಧ ವಿಡಿಯೊ ಸುದ್ದಿಗಳನ್ನು ಮಾಡಿಸಿ ವಾಹಿನಿಗಳಿಗೆ ಹಂಚಿತ್ತು. ಕೊನೆಯಲ್ಲಿ ವರದಿಗಾರರಂತೆ ಸಹಿ ಹಾಕಿದ್ದು ಬಾಡಿಗೆಗೆ ತಂದ ದನಿ, ಮಾಡಿಸಿದ್ದು ಸರ್ಕಾರ ಎಂಬುದು ನೋಡುಗರಿಗೆ ಗೊತ್ತಾಗುವಂತಿರಲಿಲ್ಲ. 2004ರಲ್ಲಿ ಅಲ್ಲಿನ ಲೆಕ್ಕ ಪರಿಶೋಧನಾ ಸಂಸ್ಥೆ ಜಿಎಒ ಇದನ್ನು ಗುಟ್ಟಿನ ಪ್ರಚಾರ ಎಂದು ಕರೆದು, ಕಾನೂನಿಗೆ ವಿರುದ್ಧ ಎಂದಿತು. ಹಸಿ ದೃಶ್ಯ ಕೊಡುವುದು ಬೇರೆ, ನಕಲಿ ವರದಿಗಾರರನ್ನು ಕೊಡುವುದು ಬೇರೆ. ಕೊಟ್ಟ ಪ್ರತಿ ಫೈಲಿನ ಹೆಸರಿನಲ್ಲೂ ಅದು ಎಲ್ಲಿಂದ ಬಂದದ್ದು ಎಂದು ಇರಲಿ.

ಲಕ್ಷಣ: ಬಂತು, ಆದರೆ ತಪ್ಪಾಗಿ ಬಂತು

ಹೆಸರು ತಪ್ಪು, ಹುದ್ದೆ ತಪ್ಪು, ಸಂಸ್ಥೆಯ ಹೆಸರೇ ಇಲ್ಲ. ಪರದೆಯ ಕೆಳಗೆ ಹೆಸರು ಬರುವ ಆಸ್ಟನ್‌ನಲ್ಲಿ ಜಾಗ ಎರಡು ಚಿಕ್ಕ ಸಾಲು ಮಾತ್ರ. ‘ಗೌರವ ಕಾರ್ಯದರ್ಶಿ ಮತ್ತು ಯೋಜನಾ ಸಂಚಾಲಕರು’ ಎಂದು ಬರೆದುಕೊಟ್ಟರೆ ಅವರಿಗೆ ತೋಚಿದ್ದನ್ನು ಹಾಕುತ್ತಾರೆ. ಹೆಸರು, ಒಂದು ಪದದ ಹುದ್ದೆ, ಸಂಸ್ಥೆಯ ಚಿಕ್ಕ ಹೆಸರು, ಇಷ್ಟನ್ನು ಅವರ ಭಾಷೆಯಲ್ಲೇ ಟೈಪ್ ಮಾಡಿ ವರದಿಗಾರರ ಫೋನಿಗೆ ಸ್ಥಳದಲ್ಲೇ ಕಳಿಸಿ. ಅವರು ಕಾಪಿ–ಪೇಸ್ಟ್ ಮಾಡುತ್ತಾರೆ, ತಪ್ಪಾಗುವುದಿಲ್ಲ.

ತಪ್ಪು ಪ್ರಸಾರವಾಗಿಬಿಟ್ಟರೆ ತಕ್ಷಣ ವರದಿಗಾರರಿಗೆ ಫೋನ್ ಮಾಡಿ, ಸರಿಯಾದದ್ದನ್ನು ಬರಹದಲ್ಲೂ ಕಳಿಸಿ. ಮುಂದಿನ ಬುಲೆಟಿನ್‌ಗೆ ಬದಲಿಸುವುದು ಅವರಿಗೆ ಕಷ್ಟದ ಕೆಲಸವಲ್ಲ. ಸಂಪಾದಕರಿಗೆ ದೂರು ಬರೆಯುವುದು ಸುದ್ದಿಯ ಅರ್ಥವೇ ತಲೆಕೆಳಗಾದಾಗ ಮಾತ್ರ. ಯೂಟ್ಯೂಬ್‌ನಲ್ಲಿರುವ ಪ್ರತಿಯನ್ನು ಸರಿಪಡಿಸಲು ಬೇರೆಯಾಗಿ ಕೇಳಬೇಕು, ಅದನ್ನು ನೋಡಿಕೊಳ್ಳುವ ತಂಡ ಸಾಮಾನ್ಯವಾಗಿ ಬೇರೆ.

ತಿಂಗಳ ಕೊನೆಗೆ ವರದಿ ಬರೆಯುವಾಗ ‘ಇಷ್ಟು ಸೆಕೆಂಡ್ ಬಂತು, ಜಾಹೀರಾತಿನ ದರದಲ್ಲಿ ಇಷ್ಟು ಲಕ್ಷ’ ಎಂದು ಲೆಕ್ಕ ಹಾಕುವ ಚಾಳಿ ಇನ್ನೂ ಹೋಗಿಲ್ಲ. 2010ರಲ್ಲಿ ಬಾರ್ಸಿಲೋನಾದಲ್ಲಿ ಸೇರಿದ್ದ ಪಿಆರ್ ಮಾಪನದವರು, ಈ ಲೆಕ್ಕ ಪಿಆರ್‌ನ ಬೆಲೆಯನ್ನು ಹೇಳುವುದಿಲ್ಲ ಎಂದು ಒಪ್ಪಿ ತಮ್ಮ ತತ್ವಗಳಲ್ಲೇ ಸೇರಿಸಿದರು. ದೋಷ ಹುಡುಕುವವರಿಗೂ ಅದರಿಂದ ಏನೂ ಸಿಗದು. ಅದರ ಬದಲು ಪ್ರತಿ ಪ್ರಯತ್ನಕ್ಕೂ ಒಂದು ಸಾಲು ಬರೆದಿಡಿ: ಯಾವ ಡೆಸ್ಕ್, ಎಷ್ಟು ಗಂಟೆಗೆ, ವಾಪಸ್ ಫೋನ್ ಬಂತೇ, ಕ್ಯಾಮೆರಾ ಬಂತೇ, ಎಷ್ಟು ಸೆಕೆಂಡ್, ಯಾರ ಬೈಟ್, ಈ ಸಲ ಬದಲಿಸಿದ್ದು ಏನು. ಕೆಲವು ತಿಂಗಳಲ್ಲಿ ಆ ಹಾಳೆಯ ಯಾವ ಕಾಲಂ ಖಾಲಿ ಉಳಿಯುತ್ತಿದೆ ಎಂದು ನೋಡಿದರೆ ಸರಪಳಿ ಎಲ್ಲಿ ಕಡಿಯುತ್ತಿದೆ ಎಂಬುದು ಗೊತ್ತಾಗುತ್ತದೆ.